ಕೀಲಿಗುಮ್ಮನ ದನಿ

ನಮ್ಮ ಮನೆಯ ಕೆಳಗೆ ಹಿಟ್ಟಿನ ಗಿರಣಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತೆಂದರೆ ಸಂಜೆಯವರೆಗೂ ನಮ್ಮ ನೆಲ ಗುಂಯ್‌ಗುಡುತ್ತದೆ, ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಕರೆಂಟು ಹೋದಾಗ ಹೊಸನಗರದವರೆಲ್ಲ ಲೈನ್‌ಮನ್‌ನನ್ನು ಬೈಯುತ್ತಾರೆ. ನಾನೊಬ್ಬಳು ಮಾತ್ರ ಮಾಡುತ್ತಿದ್ದ ಕೆಲಸ ಬಿಟ್ಟು ಮೊಬೈಲ್ ಹಿಡಿದು ಅಪ್ಪಯ್ಯನ ಮಂಚದ ಹತ್ತಿರ ಓಡುತ್ತೇನೆ. ಬೆಳಿಗ್ಗೆ ಸಂಜೆ ಅವರ ಸ್ನಾನ, ಊಟ, ಔಷಧಿಗೇ ಸರಿಹೋಗುತ್ತದೆ, ಹಗಲು ಗಿರಣಿ ನಿಂತ ಹೊತ್ತಿನಲ್ಲಷ್ಟೇ ನಾನು ರೆಕಾರ್ಡ್ ಮಾಡಲು ಸಾಧ್ಯ. 'ಗಂಟೆಗೋಪುರ'ದ ನನ್ನ ಕಂತುಗಳೆಲ್ಲ ಹೀಗೆ ಕರೆಂಟು ಹೋದಾಗಲೇ ಆದವು.

'ಗಂಟೆಗೋಪುರ' ನನ್ನ ಸ್ವಂತದ್ದಲ್ಲ. ಯಾವುದೋ ಚಳಿದೇಶದ ಕಾರ್ಟೂನು. ನಾನು ಹೈಸ್ಕೂಲಿನಲ್ಲಿದ್ದಾಗ ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬರುತ್ತಿತ್ತು. ಮಿಣುಕಿ ಅನ್ನುವ ಹುಡುಗಿ ಒಂದು ದೊಡ್ಡ ಗಡಿಯಾರದ ಗೋಪುರದೊಳಗೆ ಇರುತ್ತಾಳೆ. ದಿನಾ ಗಡಿಯಾರಕ್ಕೆ ಕೀಲಿ ಕೊಡುವುದು ಅವಳ ಕೆಲಸ. ಅವಳು ಹೊರಗೆ ಕಾಲಿಟ್ಟರೆ ಗಡಿಯಾರ ನಿಲ್ಲುತ್ತದೆ, ಗಡಿಯಾರ ನಿಂತರೆ ಊರಿಗೆ ಊರೇ ನಿದ್ದೆಹೋಗುತ್ತದೆ. ಬಾಗಿಲಲ್ಲಿ ಕೀಲಿಗುಮ್ಮ ಅನ್ನುವ, ಮೈಯೆಲ್ಲ ಪಾಚಿಗಟ್ಟಿದ ದೈತ್ಯ ಕೂತಿರುತ್ತಾನೆ, ಕೊರಳಲ್ಲಿ ಬೀಗದ ಕೈಗಳ ಸರ. ಅವನು ಯಾರು, ಅಲ್ಲಿಗೆ ಹೇಗೆ ಬಂದ ಅಂತ ಯಾರೂ ಹೇಳಲಿಲ್ಲ. ಡಬ್ಬಿಂಗ್ ಮಾಡಿದ ಪುಣ್ಯಾತ್ಮರು ಅವನಿಗೆ ಒಂದು ದನಿಯನ್ನೂ ಕೊಟ್ಟಿರಲಿಲ್ಲ. ಹದಿಮೂರನೇ ಕಂತಿನ ಕೊನೆಯಲ್ಲಿ ಮಿಣುಕಿ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾಳೆ, ಅಲ್ಲಿಗೆ ಕಾರ್ಟೂನು ನಿಂತೇಹೋಯಿತು. ಚಿತ್ರ ಸುಮಾರು, ಹಾಡು ಅದಕ್ಕಿಂತ ಸುಮಾರು. ನಾನೂ ಮರೆತುಬಿಟ್ಟಿದ್ದೆ.

ಅದು ಮತ್ತೆ ನಮ್ಮ ಮನೆಗೆ ಬಂದದ್ದು ಅಪ್ಪಯ್ಯನಿಗೆ ಲಕ್ವ ಹೊಡೆದ ಮೇಲೆ. ಅಪ್ಪಯ್ಯ ಅಂದರೆ ಸುಬ್ಬರಾಯ ಮೇಷ್ಟ್ರು. ಶಾಲೆಯಲ್ಲಿ ಪಾಠ ಮಾಡಿದ್ದಕ್ಕಿಂತ ತಾಳಮದ್ದಲೆಯಲ್ಲಿ ಮಾತಾಡಿ ಹೆಸರಾದವರು. ಅಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಧ ಗಂಟೆಯ ಮಾತು ಹೆಣೆಯುತ್ತಾನೆ. ತೀರ್ಥಹಳ್ಳಿಯಿಂದ ಸಾಗರದವರೆಗೆ ಅಪ್ಪಯ್ಯನ ಅರ್ಥ ಕೇಳಲಿಕ್ಕೆಂದೇ ಜನ ಬರುತ್ತಿದ್ದರು. ಅಂಥವರ ಬಲಭಾಗ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಒಂದು ಪದ ಇಲ್ಲ. ಗಂಟಲಿನಿಂದ 'ಗ್ರ್‌ಹ್ಹ' ಅನ್ನುವ ಸದ್ದು ಮಾತ್ರ. ಅಮ್ಮ ಮೊದಲೇ ತೀರಿಕೊಂಡಿದ್ದರು. ಅಣ್ಣ ತೀರ್ಥೇಶ್‌ಗೆ ಸಾಗರದಲ್ಲಿ ಹೆಂಡತಿ ಮಕ್ಕಳು. ನಾನು ಮದುವೆಯಾಗದವಳು, ತೀರ್ಥಹಳ್ಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯಾರು ಕೆಲಸ ಬಿಡಬೇಕು ಅಂತ ನಮ್ಮ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಆಗಿದ್ದರೆ ಕೊನೇಪಕ್ಷ ಜಗಳವಾದರೂ ಆಡುತ್ತಿದ್ದೆ.

ಶಿವಮೊಗ್ಗದಲ್ಲಿ ಮಾತು ಕಲಿಸುವ ಡಾಕ್ಟರ್ ಮೇಡಂ ಹೇಳಿದರು, "ಮಕ್ಕಳ ಕಾರ್ಟೂನ್ ಹಾಕಿ ಕೇಳ್ಸಿ. ಸಣ್ಣ ಸಣ್ಣ ವಾಕ್ಯ ಇರ್ತವೆ, ಒಂದೇ ಮಾತು ಮತ್ತೆ ಮತ್ತೆ ಬರುತ್ತೆ." ಯೂಟ್ಯೂಬಿನಲ್ಲಿ ಹುಡುಕಿದಾಗ ಸಿಕ್ಕಿದ್ದು 'ಗಂಟೆಗೋಪುರ'. ಅಪ್ಪಯ್ಯ ಹದಿಮೂರು ಕಂತನ್ನೂ ನೋಡಿದರು. ಮುಗಿದ ಮೇಲೆ ಎಡಗೈಯಲ್ಲಿ ಮಂಚ ಬಡಿದರು. ಇಲ್ಲ ಅಪ್ಪಯ್ಯ, ಮುಗೀತು ಅಂದೆ. ಮತ್ತೆ ಬಡಿದರು. ಮೂರು ದಿನ ಈ ಬಡಿತ ಕೇಳಿ ಕೇಳಿ ತಲೆ ಚಿಟ್ಟುಹಿಡಿದು, ನಾನೇ ಹದಿನಾಲ್ಕನೇ ಕಂತನ್ನು ಬರೆದು, ಮಿಣುಕಿಯ ದನಿಯಲ್ಲಿ ಓದಿ ಕೇಳಿಸಿದೆ. ಅಪ್ಪಯ್ಯ ಉಸಿರು ಬಿಗಿಹಿಡಿದು ಕೇಳಿದರು. ಅದನ್ನೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದೆ.

ಹಾಕಿದ ಮೇಲೆ ಗೊತ್ತಾಯಿತು, ನಾನೊಬ್ಬಳೇ ಅಲ್ಲ. ಸಾಗರದ ಚೈತ್ರಾ ಅನ್ನುವವಳು ಮಿಣುಕಿಯ ಚಿತ್ರಗಳನ್ನು ಬಿಡಿಸುತ್ತಿದ್ದಳು, ಮೂಲದ ಚಿತ್ರಕಾರ ನಾಚಿಕೊಳ್ಳಬೇಕು, ಹಾಗೆ. ಜೋಗದ ಕಾಲೋನಿಯ ಲಿಖಿತ್ ಗೋಪುರದ ಹಾಡು ಕಟ್ಟಿದ್ದ. ಕಾರ್ಟೂನು ನೋಡಿರದವರೂ ಆ ಹಾಡು ಕೇಳುತ್ತಿದ್ದರು. ನನ್ನ ಕಂತುಗಳಿಗೆ ಸಾವಿರ ಜನ, ಹತ್ತು ಸಾವಿರ ಜನ ಆದರು. ಹದಿನಾರನೇ ಕಂತಿನಲ್ಲಿ ನಾನು ಓದುತ್ತಿರುವಾಗ ಅಪ್ಪಯ್ಯನ 'ಗ್ರ್‌ಹ್ಹ' ಒಳಗೆ ಸೇರಿಕೊಂಡಿತ್ತು, ನಾನು ಗಮನಿಸಿರಲಿಲ್ಲ. ಕೆಳಗೆ ಕಮೆಂಟುಗಳ ಮಳೆ. "ಕೀಲಿಗುಮ್ಮನ ದನಿ ಯಾರದು?" "ಮೈ ಜುಂ ಅಂತು." "ಆ ದನೀಲಿ ಎಷ್ಟು ನೋವಿದೆ!"

ಆಮೇಲೆ ನಾನು ಬೇಕೆಂದೇ ರೆಕಾರ್ಡ್ ಮಾಡತೊಡಗಿದೆ. ಊಟ ಬೇಡ ಅಂದಾಗ, ಬೆನ್ನು ನೋಯುವಾಗ, ಹೇಳಬೇಕಾದ್ದು ಬಾಯಿಗೆ ಬಾರದೆ ಸಿಟ್ಟು ಬಂದಾಗ ಅವರು ಮಾಡುವ ಸದ್ದನ್ನೆಲ್ಲ ಮೊಬೈಲು ಅಡಗಿಸಿಟ್ಟು ಹಿಡಿದೆ. ಹೆತ್ತ ಅಪ್ಪನ ಸಂಕಟವನ್ನು ಕದ್ದು ಕಾರ್ಟೂನಿನ ಗುಮ್ಮನಿಗೆ ಕೊಟ್ಟೆ. ಇದು ಪಾಪ ಅಂತ ಗೊತ್ತಿತ್ತು, ಕಂತು ಚೆನ್ನಾಗಿ ಬರುತ್ತಿದೆ ಅಂತಲೂ ಗೊತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿನಯಾ ಅನ್ನುವ ಹುಡುಗಿ 'ಗಂಟೆಗೋಪುರ'ದ ಅಭಿಮಾನಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಒಂದು ದಿನ ಫೋನ್ ಮಾಡಿದಳು. "ಅಕ್ಕಾ, ಬೇರೆ ಕಾರ್ಟೂನಿಗೂ ಫ್ಯಾನ್ಸ್ ಇದಾರೆ. ಇದರ ಫ್ಯಾನ್ಸೇ ಯಾಕೆ ಇಷ್ಟು ಚೆನ್ನಾಗಿ ಕತೆ, ಹಾಡು ಮಾಡ್ತಾರೆ?"

"ಅದು ಅರೆಬೆಂದದ್ದು, ಅದಕ್ಕೆ," ಅಂದೆ. "ಬೆಂದ ಅನ್ನನ ಯಾರಾದ್ರೂ ಮತ್ತೆ ಒಲೆ ಮೇಲಿಡ್ತಾರಾ? ನಮ್ಮ ಅಪ್ಪಯ್ಯನೂ ಇದನ್ನೇ ಮಾಡ್ತಿದ್ದದ್ದು ಮಾರಾಯ್ತಿ. ಪದ್ಯ ನಾಲ್ಕು ಸಾಲು, ಉಳಿದದ್ದೆಲ್ಲ ಅವರದ್ದೇ."

ಅವಳು ಖುಷಿಯಿಂದ ಬರೆದುಕೊಂಡಳು. ನಾನು ಅವಳಿಗೆ ಇನ್ನೊಂದು ಮಾತು ಹೇಳಲಿಲ್ಲ. ಚೈತ್ರಾ ಹಗಲೆಲ್ಲ ಮಾವನ ಬಟ್ಟೆ ಅಂಗಡಿಯಲ್ಲಿ ಕೂತಿರುತ್ತಾಳೆ, ಚಿತ್ರ ಬಿಡಿಸುವುದು ಬಿಲ್ ಪುಸ್ತಕದ ಹಿಂದೆ. ಲಿಖಿತ್ ಮೂರು ಸಲ ಪರೀಕ್ಷೆ ಕಟ್ಟಿ ಫೇಲಾಗಿ ಮನೆಯಿಂದ ಹೊರಗೆ ಮುಖ ತೋರಿಸದವನು. ಹೊರಗೆ ಹೋಗಬಲ್ಲವರು ಕಾರ್ಟೂನು ಮುಗಿದಾಗ ಎದ್ದು ಹೋದರು. ಹೋಗಲಾರದ ನಾವಷ್ಟು ಮಂದಿ ಅಲ್ಲೇ ಕೂತು ಮುಂದುವರಿಸಿದೆವು. ಗೋಪುರದೊಳಗೆ ಏನೇನಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಳ್ಳತನ ಹೊರಬಿದ್ದದ್ದು ಗಿರಣಿಯ ದಿನೇಶನಿಂದ. ಒಂದು ಮಧ್ಯಾಹ್ನ ರಾಗಿಹಿಟ್ಟು ಕೊಡಲು ಮೇಲೆ ಬಂದವನು, "ಮೇಷ್ಟ್ರೇ, ಮಗಳು ಎಷ್ಟು ಚೆಂದ ಕತೆ ಮಾಡ್ತಾಳೆ ಕೇಳಿದ್ರಾ?" ಅಂತ ತನ್ನ ಮೊಬೈಲಿನಲ್ಲಿ ಹಾಕಿಯೇಬಿಟ್ಟ. ನಾನು ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟೆ. ಮಿಣುಕಿ ಮಾತಾಡಿದಳು. ಅದರ ಹಿಂದೆಯೇ ಅಪ್ಪಯ್ಯನ ಬೆನ್ನುನೋವಿನ ನರಳಾಟ. ಅಪ್ಪಯ್ಯ ತಲೆ ತಗ್ಗಿಸಿ ಪೂರ್ತಿ ಕೇಳಿದರು. ದಿನೇಶ್ ಇಳಿದುಹೋದ ಮೇಲೆ ನನ್ನನ್ನೇ ನೋಡಿದರು.

"ತಪ್ಪಾಯ್ತು ಅಪ್ಪಯ್ಯ," ಅಂದೆ. ಅಳು ಬಂತು. "ಇನ್ನು ಮಾಡಲ್ಲ."

ಅವರು ಎಡಗೈ ಎತ್ತಿದರು, ಹೊಡೆಯುತ್ತಾರೇನೋ ಅಂದುಕೊಂಡೆ. ಬೆರಳು ಸುತ್ತಿಸಿ ತೋರಿಸಿದರು. ಇನ್ನೊಂದು ಸಲ ಹಾಕು.

ಮಾರನೆಯ ದಿನದಿಂದ ನನ್ನ ಅಪ್ಪ ವಾಪಸು ಬಂದರು. ಕರೆಂಟು ಹೋದರೆ ಸಾಕು, ತಲೆ ಬಾಚು ಅನ್ನುವ ಸನ್ನೆ, ಹೆಗಲಿಗೆ ಶಾಲು ಹಾಕು ಅನ್ನುವ ಸನ್ನೆ. ನಾನು ಓದಿದ ಸಾಲು ಸರಿಬರದಿದ್ದರೆ ಮೂಗು ಮುರಿಯುವರು. ತಮ್ಮ ಸದ್ದು ತಮಗೇ ಹಿಡಿಸದಿದ್ದರೆ ಮತ್ತೆ ಮಾಡುವರು. ನಲವತ್ತು ವರ್ಷ ಮಾತಿನಲ್ಲಿ ಮಾಡಿದ್ದನ್ನು ಬರಿಯ ಗಂಟಲಲ್ಲಿ ಮಾಡಿದರು. ಕೀಲಿಗುಮ್ಮನಿಗೆ ಸಿಟ್ಟಿತ್ತು, ಅಸೂಯೆ ಇತ್ತು, ಒಮ್ಮೊಮ್ಮೆ ತುಂಟತನವೂ ಇತ್ತು. ನಾವಿಬ್ಬರೂ ಅಷ್ಟು ನಕ್ಕ ದಿನಗಳು ಮೊದಲೂ ಇರಲಿಲ್ಲ. ಕೇಳುವವರು ಲಕ್ಷ ದಾಟಿದರು.

ಆಗ ಮೈಸೂರಿನಿಂದ ಕರೆ ಬಂತು. ಪುಸ್ತಕಗಳನ್ನು ಓದಿ ಕೇಳಿಸುವ ಕಂಪನಿಯೊಂದು ನನ್ನ ಕಂತುಗಳನ್ನು ಕೇಳಿ ಕೆಲಸ ಕೊಟ್ಟಿತು. ಬರೆಯುವುದು, ಓದುವುದು, ನಾಲ್ಕು ಜನರ ಜೊತೆ ಕೂತು ಕಾಫಿ ಕುಡಿಯುವುದು. ಒಂದನೇ ತಾರೀಖಿಗೆ ಸೇರಬೇಕು. ಕೇಳಿದಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಣ್ಣನನ್ನು ಎಂಟು ದಿನ ಕಾಡಿ ಒಪ್ಪಿಸಿದೆ. ಅಪ್ಪಯ್ಯ ಸಾಗರಕ್ಕೆ ಹೋಗುವುದು, ಕೆಳಗಿನ ಕೋಣೆ ಅವರಿಗೆ, ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು. ಅಪ್ಪಯ್ಯನಿಗೆ ನಾನೇ ನಿಧಾನ ಹೇಳಬೇಕೆಂದಿದ್ದೆ. ಆದರೆ ಫೋನಿನ ಸ್ಪೀಕರ್ ಹಾಕಿಕೊಂಡು ಗಂಜಿ ಕುಡಿಸುತ್ತಿದ್ದಾಗ ಅಣ್ಣ, "ಸೌಜಿ, ನೀ ಮೈಸೂರಿಗೆ ಹೋಗೋದು ಅಪ್ಪಯ್ಯಂಗೆ ಹೇಳಿದ್ಯಾ?" ಅಂದುಬಿಟ್ಟ. ಅಪ್ಪಯ್ಯ ಚಮಚ ಬಾಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿದರು. ಆಮೇಲೆ ಅವರ ಕೈ ಹಿಡಿದು ಎಲ್ಲ ಹೇಳಿದೆ. ಆಗಲಿ ಅನ್ನುವಂತೆ ತಲೆಯಾಡಿಸಿದರು.

ಹೋಗುವ ಮುಂಚೆ ಕೊನೆಯ ಕಂತು ಮಾಡಬೇಕಿತ್ತು, ಲಕ್ಷ ಜನ ಕಾಯುತ್ತಿದ್ದರು. ನಾನು ಬರೆದದ್ದು ಹೀಗೆ: ಮಿಣುಕಿ 'ಬಾಗಿಲು ತೆಗಿ' ಅನ್ನುತ್ತಾಳೆ. ಕೀಲಿಗುಮ್ಮ ತುಂಬ ಹೊತ್ತು ಸುಮ್ಮನಿರುತ್ತಾನೆ. ಕೊನೆಗೆ ಒಂದು ದೊಡ್ಡ ಉಸಿರು ಬಿಟ್ಟು, ಗಡಿಯಾರದ ಲೋಲಕವನ್ನು ತಾನೇ ತೂಗುತ್ತ ನಿಲ್ಲುತ್ತಾನೆ. ಊರು ನಿದ್ದೆಹೋಗುವುದಿಲ್ಲ, ಅವಳು ಹೊರಗೆ ಹೋಗುತ್ತಾಳೆ. ಅಪ್ಪಯ್ಯ ಮಾಡಬೇಕಾದ್ದು ಆ ಒಂದು ಉಸಿರು. ಎರಡು ದಿನ ಅಭ್ಯಾಸ ಮಾಡಿದೆವು. ಎಷ್ಟು ಚೆನ್ನಾಗಿ ಮಾಡಿದರೆಂದರೆ ನಾನು ಮುಂದಿನ ಸಾಲು ಓದುವುದನ್ನೇ ಮರೆತೆ.

ನನಗೆ ಅವರ ಮೇಲೆ ಅನುಮಾನವೇ ಇರಲಿಲ್ಲ. ತಾಳಮದ್ದಲೆಯಲ್ಲಿ ಒಂದು ನಿಯಮವಿದೆ. ಎದುರಾಳಿಯನ್ನು ಮಾತಿನಲ್ಲಿ ಎಷ್ಟು ಬೇಕಾದರೂ ಕಟ್ಟಿಹಾಕಬಹುದು, ಆದರೆ ಪದ್ಯ 'ಸೋತ' ಅಂದ ಮೇಲೆ ಸೋಲಬೇಕು, 'ಬಿಟ್ಟ' ಅಂದ ಮೇಲೆ ಬಿಡಬೇಕು. ಪದ್ಯ ಮೀರಿದವನನ್ನು ಮುಂದಿನ ಕೂಟಕ್ಕೆ ಯಾರೂ ಕರೆಯುವುದಿಲ್ಲ. ಅಪ್ಪಯ್ಯ ಸೋಲುವ ಪಾತ್ರಗಳಿಗೇ ಹೆಸರಾದವರು. ಗೆಲ್ಲುವಷ್ಟು ಮಾತು ಬಾಯಲ್ಲಿಟ್ಟುಕೊಂಡು, ಪದ್ಯ ಬಂದಾಗ ಸೋತು ಕೈಮುಗಿಯುತ್ತಿದ್ದರು. ಒಂದು ಸಲವೂ ಅವರು ಪದ್ಯ ಮೀರಿದ್ದನ್ನು ಯಾರೂ ಕಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಗಿರಣಿ ನಿಂತಿತು. ತಲೆ ಬಾಚಿದೆ, ಶಾಲು ಹೊದಿಸಿದೆ, ರೆಕಾರ್ಡ್ ಒತ್ತಿದೆ. ಮಿಣುಕಿಯ ಮಾತುಗಳನ್ನೆಲ್ಲ ಓದಿ ಕೊನೆಗೆ "ಬಾಗಿಲು ತೆಗಿ, ನಾ ಹೋಗ್ಬೇಕು" ಅಂದೆ. ಅಪ್ಪಯ್ಯ ಸುಮ್ಮನಿದ್ದರು, ಅದು ಸರಿಯೇ. ಅವರ ಎದೆ ಏರಿತು. ಉಸಿರು ಬರಬೇಕಾದಲ್ಲಿ ತುಟಿ ನಡುಗಿತು, ಎಡಗೈ ಮುಂದೆ ಬಂದು ನನ್ನ ಮುಂಗೈ ಹಿಡಿಯಿತು.

"ಹೋ... ಗ್ಬ್ಯಾಡ."

ಎರಡು ವರ್ಷ ನಾಲ್ಕು ತಿಂಗಳಿನಲ್ಲಿ ಮೊದಲನೇ ಮಾತು. ಮೊಬೈಲು ಕೆಳಗೆ ಬಿತ್ತು. ನಾನು ಅವರನ್ನು ತಬ್ಬಿಕೊಂಡು ಕಿರುಚಿದೆ, ಏನಾಯಿತೋ ಅಂತ ದಿನೇಶ್ ಮೆಟ್ಟಿಲು ಹತ್ತಿ ಓಡಿಬಂದ. "ಮಾತಾಡಿದ್ರು ದಿನೇಶಣ್ಣ, ಅಪ್ಪಯ್ಯ ಮಾತಾಡಿದ್ರು!" ಅಂದೆ. ಅವನ ಕಣ್ಣಲ್ಲೂ ನೀರು. ಅಪ್ಪಯ್ಯನೂ ಅಳುತ್ತಿದ್ದರು, ಆದರೆ ನನ್ನ ಕೈ ಬಿಟ್ಟಿರಲಿಲ್ಲ. ಆ ಬಿಗಿತಕ್ಕೆ ಕೈ ನೋಯತೊಡಗಿದಾಗಲೇ ಅವರು ಹೇಳಿದ್ದೇನು ಅಂತ ನನ್ನ ತಲೆಗೆ ಹೋದದ್ದು.

ದಿನೇಶ್ ಇಳಿದುಹೋದ ಮೇಲೆ ಕೇಳಿದೆ. "ಅಪ್ಪಯ್ಯ, ಅದು ಕೀಲಿಗುಮ್ಮ ಹೇಳಿದ್ದಾ, ನೀವು ಹೇಳಿದ್ದಾ?" ಅವರು ಗೋಡೆಯ ಕಡೆ ತಿರುಗಿಕೊಂಡರು.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವನೂ ಅತ್ತ. "ಎಂತ ಅಂದ್ರು? ಎಂತ ಹೇಳಿದ್ರು?" ಅಂತ ಕೇಳಿದ. ಸುಳ್ಳು ಹೇಳಬಹುದಿತ್ತು, ನೀರು ಕೇಳಿದರು ಅನ್ನಬಹುದಿತ್ತು. ಇದ್ದದ್ದನ್ನೇ ಹೇಳಿದೆ. ಅವನು, "ಹಂಗಾದ್ರೆ ಸೌಜಿ, ಈಗ ಅವರನ್ನ ಅಲ್ಲಿಂದ ಅಲ್ಲಾಡ್ಸೋದು ಸರಿಯಾ? ನಿನ್ನ ಹತ್ರ ಇದ್ದೇ ಅಲ್ವಾ ಮಾತು ಬಂದದ್ದು?" ಅಂದ. ಅವನ ದನಿಯಲ್ಲಿದ್ದ ನಿರಾಳ ನನಗೆ ಕೇಳಿಸಿತು. ಬೈಯೋಣವೆಂದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ.

ಡಾಕ್ಟರ್ ಮೇಡಂ ಕೂಡ ಅದನ್ನೇ ಹೇಳಿದರು. ಅವರಿಗಂತೂ ಹಬ್ಬ. "ತುಂಬಾ ಒಳ್ಳೇದಾಯ್ತು ಸೌಜನ್ಯಾ. ಜಾಗ, ಜನ ಎರಡನ್ನೂ ಈಗ ಬದಲಾಯಿಸ್ಬೇಡಿ. ಬಂದ ಪದನ ಬಿಡ್ಬೇಡಿ, ದಿನಾ ಹೇಳ್ಸಿ. ಅದರ ಹಿಂದೇನೇ ಬೇರೆ ಪದಗಳು ಬರ್ತವೆ."

ಮೈಸೂರಿನವರು ಒಂದು ವಾರ ಕಾದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಬಸ್ ಸ್ಟ್ಯಾಂಡು ಮನೆಯಿಂದ ಐದು ನಿಮಿಷ. ಅಪ್ಪನ ಬಾಯಲ್ಲಿ ಮಾತು ಬಂದ ವಾರವೇ ಬಿಟ್ಟುಹೋದ ಮಗಳು ಅಂತ ನಾನೇ ನನ್ನನ್ನು ಕರೆದುಕೊಳ್ಳಬೇಕಾಗುತ್ತಿತ್ತು, ಅಷ್ಟೇ. ನನಗೆ ಸಿಟ್ಟಿದೆ. ಯಾರ ಮೇಲೆ ಅಂತ ಹೇಳಿದರೆ ಬಾಯಲ್ಲಿ ಹುಳ ಬೀಳುತ್ತದೆ. ಆ ಕಂತನ್ನು ಇದ್ದ ಹಾಗೆಯೇ ಹಾಕಿದೆ, ಮೊಬೈಲು ಬಿದ್ದ ಸದ್ದಿನವರೆಗೆ. ಇಲ್ಲಿಯವರೆಗಿನ ಎಲ್ಲದಕ್ಕಿಂತ ಹೆಚ್ಚು ಜನ ಅದನ್ನೇ ಕೇಳಿದ್ದಾರೆ.

ಈಗ ದಿನಾ ಬೆಳಿಗ್ಗೆ ಗಿರಣಿ ಶುರುವಾಗುವ ಮುಂಚೆ ಅಪ್ಪಯ್ಯನ ಎದುರು ಸ್ಟೂಲು ಹಾಕಿ ಕೂರುತ್ತೇನೆ. ಡಾಕ್ಟರ್ ಮೇಡಂ ಹೇಳಿಕೊಟ್ಟ ಹಾಗೆ ಮೊದಲು ನಾನು ನಿಧಾನವಾಗಿ, ತುಟಿ ಕಾಣುವ ಹಾಗೆ, "ಹೋಗ್ಬ್ಯಾಡ" ಅನ್ನುತ್ತೇನೆ. ಅವರು ಹೇಳುತ್ತಾರೆ. ಸರಿಬರದಿದ್ದರೆ ಮತ್ತೆ ಹೇಳಿಸುತ್ತೇನೆ. ಹತ್ತು ಸಲ. ಪ್ರತಿಸಲವೂ ಚಪ್ಪಾಳೆ ತಟ್ಟಬೇಕು, ತಟ್ಟುತ್ತೇನೆ. ದಿನದಿಂದ ದಿನಕ್ಕೆ ಮಾತು ಸ್ಪಷ್ಟವಾಗುತ್ತಿದೆ.