ಐದು ಮಾತಿನ ಕಿಂಡಿ

ಪರೀಕ್ಷೆ ಮಾಡಲು ಬಂದ ಹೆಂಗಸು ನನ್ನ ಸೊಸೆಯ ಎರಡು ವರ್ಷದ ಕೆಲಸವನ್ನು ಹನ್ನೊಂದೇ ನಿಮಿಷದಲ್ಲಿ ಮುರಿದು ಅವಳ ಕೈಗೆ ಕೊಟ್ಟಳು. ಇದು ಮೊದಲ ಸಲದ ಮಾತು. ಎರಡನೆಯ ಸಲ ಏನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ದೊಡ್ಡಾಸ್ಪತ್ರೆಯ ರಕ್ತನಿಧಿಯಲ್ಲಿ ಪ್ರತಿ ಚೀಲಕ್ಕೂ ಒಂದು ಚೀಟಿ ಅಂಟಿಸುತ್ತಾರೆ. ಚೀಲದ ಸಂಖ್ಯೆ, ರಕ್ತದ ಗುಂಪು, ತೆಗೆದ ದಿನ, ಕೆಡುವ ದಿನ, ಅಷ್ಟೇ. ಆ ಅಷ್ಟರಲ್ಲಿ ಒಂದಕ್ಷರ ತಪ್ಪಿದರೂ ಮಂಚದ ಮೇಲೆ ಮಲಗಿದವರು ಏಳುವುದಿಲ್ಲ. ಮೊದಲಿನಿಂದಲೂ ಅದನ್ನು ಕೈಯಲ್ಲೇ ಬರೆಯುತ್ತಿದ್ದರು. ಸೊಸೆ ಅದಕ್ಕೊಂದು ಆ್ಯಪ್ ಕಟ್ಟಿದ್ದಳು. ಗುಂಡಿ ಒತ್ತಿದರೆ ಸಾಕು, ಪ್ರಿಂಟರಿನಿಂದ ಅಚ್ಚುಕಟ್ಟಾದ ಚೀಟಿ ಹೊರಗೆ ಬರುತ್ತಿತ್ತು.

ಆ ಆ್ಯಪಿನ ಒಂದು ಮೂಲೆಯಲ್ಲಿ ಆಸ್ಪತ್ರೆಯ ಸೂಚನಾ ಫಲಕ ಕಾಣುವಂತೆ ಮಾಡಿದ್ದಳು. ಫಲಕ ಇರುವುದು ಹೊರಗೆ, ಇಂಟರ್ನೆಟ್ಟಿನಲ್ಲಿ. ಅನುಕೂಲವಾಗಲಿ ಎಂದು ಒಳಗೆ ತಂದು ತೂಗುಹಾಕಿದ್ದಳು. ಆ್ಯಪಿಗೆ ಕಳ್ಳರು ನುಗ್ಗಬಹುದೇ ಎಂದು ನೋಡಲು ಆಸ್ಪತ್ರೆಯವರು ಕರೆಸಿದ್ದ ಆ ಪರೀಕ್ಷೆಯ ಹೆಂಗಸು ಫಲಕದಲ್ಲಿ ತನ್ನದೊಂದು ಸಾಲು ಸೇರಿಸಿದಳು. ಆ ಸಾಲು ನೆಂಟರ ಹಾಗೆ ಒಳಗೆ ನಡೆದು ಬಂದು, ಕಂಪ್ಯೂಟರಿನ ಫೈಲುಗಳನ್ನು ತಡಕಿ, ಪ್ರಿಂಟರಿಗೆ ಕೈಹಾಕಿ, ಬಿ ಗುಂಪಿನ ಚೀಲಕ್ಕೆ ಓ ಎಂದು ಚೀಟಿ ಮುದ್ರಿಸಿತು. ಅವಳು ಅದನ್ನು ಕಿತ್ತು ಸೊಸೆಯ ಟೀ ಲೋಟಕ್ಕೆ ಅಂಟಿಸಿದಳಂತೆ. ಬೈಯಲಿಲ್ಲ, ನಗಲೂ ಇಲ್ಲ. ಅಂಟಿಸಿದಳು, ಅಷ್ಟೇ.

ರಕ್ತನಿಧಿಯ ಡಾಕ್ಟರಮ್ಮ ನಿಷ್ಠುರ ಸ್ವಭಾವದವರಲ್ಲ. ಆದರೂ ಅಂದು ಖಡಾಖಂಡಿತವಾಗಿ ಹೇಳಿದರು: "ಮೂರು ವಾರ ಕೊಡ್ತೀನಿ. ಆಮೇಲೆ ಇವರು ಇನ್ನೊಂದು ದಿನ ಕೂತು ನೋಡ್ತಾರೆ, ಹತ್ತರಿಂದ ಐದರ ತನಕ. ಅಷ್ಟರಲ್ಲಿ ಒಂದು ಚೀಟಿ ಸುಳ್ಳಾದ್ರೂ ಇದನ್ನ ಮರೆತುಬಿಡಮ್ಮ. ನಮಗೆ ಪೆನ್ನೇ ವಾಸಿ."

ಸೊಸೆ ಆ ಲೋಟವನ್ನು ಮನೆಗೆ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟುಕೊಂಡಳು. ತೊಳೆದರೂ ಚೀಟಿಯನ್ನು ಮಾತ್ರ ತೆಗೆಯಲಿಲ್ಲ. ನನ್ನ ಹೆಂಡತಿಯ ಬಾಯಿ ಸುಮ್ಮನಿರುವ ಬಾಯಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದೀಯಾ ಎಂದು ಚುಚ್ಚಿದಳು.

"ಅತ್ತೆ, ಈ ಕೋಟೆಗೆ ನಾನು ದಿಡ್ಡಿ ಬಾಗಿಲೇ ಇಟ್ಟಿರಲಿಲ್ಲ," ಎಂದಳು ಸೊಸೆ.

ಹತ್ತು ದಿನ ಅವಳು ತಲೆ ಎತ್ತಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ, ನಾನು ಅಡುಗೆಮನೆಯ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದಾಗ ಬಂದು ಎದುರಿಗೆ ಕೂತಳು. ಅವಳಿಗೆ ಒಂದು ಅಭ್ಯಾಸವಿದೆ, ಕೆಲಸ ಮುಗಿಯಿತು ಅನ್ನಿಸಿದರೆ ನನಗೆ ಒಪ್ಪಿಸುತ್ತಾಳೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ನನಗೆ ತಿಳಿಯುವಂತೆ ಹೇಳಲು ಹೊರಟರೆ ತನಗೇ ಎಲ್ಲಿ ತಿಳಿದಿಲ್ಲ ಎಂಬುದು ಗೊತ್ತಾಗುತ್ತದಂತೆ. ಇದು ಹೊಗಳಿಕೆಯೋ ತೆಗಳಿಕೆಯೋ, ನಾನು ಕೇಳಲು ಹೋಗಿಲ್ಲ.

ಅವಳು ಹೇಳಿದ್ದು ಇಷ್ಟು. ಈ ಆ್ಯಪ್ ಮೇಜಿನ ಮೇಲಿನ ಸಾಮಾನಿನಂತೆ ಕಂಡರೂ ಒಳಗೆ ಇರುವುದು ವೆಬ್ ಪುಟವೇ, ಮೊಬೈಲಿನಲ್ಲಿ ಎಲ್ಲರೂ ನೋಡುವಂಥದ್ದು. ಬ್ರೌಸರಿನಲ್ಲಿ ತೆರೆಯುವ ಪುಟಕ್ಕೆ ಬಾಯಿ ಮಾತ್ರ ಇರುತ್ತದೆ, ಕೈ ಇರುವುದಿಲ್ಲ. ಏನು ಒದರಿಕೊಂಡರೂ ನಮ್ಮ ಫೈಲನ್ನು ಅದು ಮುಟ್ಟಲಾರದು. ಆ್ಯಪಿನ ಪುಟಕ್ಕೆ ಬೇಕೆಂದರೆ ಕೈ ಕೊಡಬಹುದು. ಬೇಗ ಮುಗಿಯಲಿ ಎಂದು ಅವಳು ಕೊಟ್ಟಿದ್ದಳು. ಹೊರಗಿನ ಫಲಕವೂ ಅದೇ ಮನೆಯಲ್ಲಿ ಇದ್ದುದರಿಂದ ಅದಕ್ಕೂ ಆ ಕೈಗಳೇ ಸಿಕ್ಕವು. ಈಗ ಫಲಕವನ್ನು ಹೊರಗೆ ಹಾಕಿದ್ದಾಳೆ, ಬೇಕಾದವರು ಬ್ರೌಸರಿನಲ್ಲಿ ನೋಡಿಕೊಳ್ಳಲಿ. ಪುಟದ ಕೈ ಕಟ್ಟಿ ಮುಂದಿನ ಕೋಣೆಯಲ್ಲಿ ಕೂರಿಸಿದ್ದಾಳೆ. ಫೈಲು, ಪ್ರಿಂಟರು ಹಿಂದಿನ ಕೋಣೆಯಲ್ಲಿ. ನಡುವೆ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ.

ಕಿಂಡಿ ಎಂದ ಕೂಡಲೇ ನನ್ನ ಕೈ ನಿಂತಿತು. ಅದೇ ಆಸ್ಪತ್ರೆಯ ಔಷಧಿ ಉಗ್ರಾಣದ ಕಿಂಡಿಯ ಹಿಂದೆ ಮೂವತ್ತೆಂಟು ವರ್ಷ ಕೂತವನು ನಾನು. ಮದುವೆಗೆ ಮೊದಲು ನನ್ನ ಹೆಂಡತಿ ಆ ಕಿಂಡಿಯಲ್ಲಿ ನೋಡಿದ್ದು ಬರೀ ಮೂಗಿನಿಂದ ಎದೆಯವರೆಗಿನ ಗಂಡಸನ್ನು. ಪೂರ್ತಿ ತೋರಿಸಿದ್ದರೆ ಒಪ್ಪುತ್ತಿರಲಿಲ್ಲ ಎಂದು ಈಗಲೂ ಆಡಿಕೊಳ್ಳುತ್ತಾಳೆ.

"ಆ ಕಿಂಡೀಲಿ ಏನು ಕೊಡ್ತೀಯಮ್ಮ?" ಎಂದೆ.

"ಹಿಂದಿನ ಕೋಣೇಲಿ ಒಬ್ಬ ಆಳು ಇದಾನೆ ಅಂದ್ಕೊಳ್ಳಿ ಮಾವ. ಅವನನ್ನೇ ಕಿಂಡಿ ಹತ್ರ ನಿಲ್ಲಿಸಿದೀನಿ. ಮುಂದಿನವರು ಏನು ಹೇಳಿದ್ರೂ ಒಳಗೆ ಹೋಗಿ ಮಾಡ್ಕೊಂಡು ಬರ್ತಾನೆ."

ನಾನು ಒಂದು ಬಟಾಣಿ ಕಾಯಿ ಸುಲಿದು, ಕಾಳನ್ನು ಬಟ್ಟಲಿಗೆ ಹಾಕಿ, ಇನ್ನೊಂದನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಆಗ್ಲಿಸ್ವಾಮಿಯ ಕತೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆಗ್ಲಿಸ್ವಾಮಿ ಉಗ್ರಾಣದಲ್ಲಿ ನನ್ನ ಕೈಕೆಳಗಿನ ಆಳು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು. ಯಾರು ಏನು ಹೇಳಿದರೂ "ಆಗ್ಲಿ ಸ್ವಾಮಿ" ಎನ್ನುತ್ತಿದ್ದುದರಿಂದ ಆ ಹೆಸರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯೂ ಅಲ್ಲ, ತಾನೇ ಹೋಗಿ ಕಟ್ಟಿ ಬರುವ ಜಾತಿ. ಬಂಗಾರದಂಥ ಮನುಷ್ಯ. ಜನ ಹೆಚ್ಚಾದ ದಿನ ನಾನು ಚೀಟಿ ಓದುತ್ತಾ ಕೂರಲಾರದೆ, ಅವನನ್ನೇ ಕಿಂಡಿಗೆ ನಿಲ್ಲಿಸಿ, ಕೇಳಿದ್ದು ಕೊಡು ಎಂದುಬಿಡುತ್ತಿದ್ದೆ. ವಾರ್ಡಿನವರಿಗೂ ಅದೇ ರೂಢಿಯಾಯಿತು. ಔಷಧಿಯ ಹೆಸರು ಹೇಳುವುದನ್ನೂ ಬಿಟ್ಟರು. ಎರಡನೇ ಕಪಾಟು, ಮೇಲಿನ ಹಲಗೆ, ಎಡಗಡೆ ಕೊನೆಯ ಬಾಟಲಿ ಎನ್ನುವರು. ಇವನು ಆಗ್ಲಿ ಎನ್ನುವನು.

ಒಂದು ಸಲ ಗೋಡೆಗೆ ಸುಣ್ಣ ಹೊಡೆಸಲು ಕಪಾಟುಗಳನ್ನು ಅದಲು ಬದಲು ಮಾಡಿದ್ದೆವು. ಮಾರನೆಯ ದಿನ ಹೆರಿಗೆ ವಾರ್ಡಿನಿಂದ ಬಂದವನು ಗ್ಲೂಕೋಸಿನ ಜಾಗ ಹೇಳಿದ. ಈಗ ಆ ಜಾಗದಲ್ಲಿದ್ದದ್ದು ನೆಲ ತೊಳೆಯುವ ಔಷಧಿ. ಬಾಟಲಿ ಎರಡೂ ಒಂದೇ ತೆರ. ವಾರ್ಡಿನ ದೊಡ್ಡ ಸಿಸ್ಟರ್ ಮುಚ್ಚಳ ತೆಗೆದು ಮೂಸಿ ನೋಡುವವರು, ಅದರಿಂದ ಒಂದು ಬಾಣಂತಿ ಉಳಿದಳು. ಸಿಸ್ಟರ್ ಬಾಟಲಿಯನ್ನು ತಂದು ಕಿಂಡಿಯ ಹಲಗೆಯ ಮೇಲೆ ಇಟ್ಟು ನನ್ನನ್ನೇ ನೋಡುತ್ತಾ ನಿಂತರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅಂದೇ ಒಂದು ಹಲಗೆ ಬರೆಸಿ ಕಿಂಡಿಯ ಮೇಲೆ ತೂಗುಹಾಕಿದೆ. ಇಲ್ಲಿ ಇಷ್ಟು ಮಾತ್ರ ಕೇಳಬಹುದು ಎಂದು ಪಟ್ಟಿ. ಹೆಸರು ಹೇಳಬೇಕು, ಜಾಗ ಹೇಳಕೂಡದು. ಎಲ್ಲಿದೆ ಎಂಬುದು ನನ್ನ ಚಿಂತೆ. ವಾರ್ಡಿನ ಮೊಹರಿಲ್ಲದ ಚೀಟಿ ನನ್ನ ಅಣ್ಣನೇ ತಂದರೂ ವಾಪಸ್ಸು. ಆಗ್ಲಿಸ್ವಾಮಿ ನನ್ನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವಂತಿಲ್ಲ.

"ತಪ್ಪು ಅವನದಲ್ಲಮ್ಮ," ಎಂದೆ. "ಕಿಂಡೀಲಿ ಸಾಮಾನು ಕೊಡಬೇಕು. ಆಳನ್ನೇ ಕೊಡಬಾರದು."

ಸೊಸೆ ಮೇಜಿನ ಮೇಲಿನ ಸಿಪ್ಪೆಗಳನ್ನು ಸಾಲಾಗಿ ಜೋಡಿಸಿದಳು. ಆಮೇಲೆ ಮೆಲ್ಲಗೆ, "ಮಾವ, ಗೋಡೆ ಕಟ್ಟಿ ಆಗ್ಲಿಸ್ವಾಮೀನ ಹೊರಗೆ ನಿಲ್ಲಿಸಿಬಿಟ್ಟಿದೀನಿ," ಎಂದಳು. ಎದ್ದು ಹೋದವಳು ಊಟಕ್ಕೂ ಬರಲಿಲ್ಲ. ನನ್ನ ಹೆಂಡತಿ ತಟ್ಟೆಯನ್ನು ಅವಳ ಕೋಣೆಗೇ ಕೊಟ್ಟು ಬಂದು, ಏನು ಹೇಳಿ ಕೆಡಿಸಿದಿರಿ ಆ ಹುಡುಗಿಯನ್ನು ಎಂದು ನನ್ನನ್ನು ಗದರಿದಳು.

ಉಳಿದ ದಿನಗಳಲ್ಲಿ ಅವಳು ಆಳನ್ನು ಒಳಗೆ ಕರೆದುಕೊಂಡು ಕಿಂಡಿಗೆ ಹಲಗೆ ಹಾಕಿದಳು. ಮುಂದಿನ ಕೋಣೆ ಕೇಳಬಹುದಾದ ಮಾತು ಐದು, ಆರನೆಯದಕ್ಕೆ ಉತ್ತರವೇ ಇಲ್ಲ. ಮೊದಲು ಚೀಟಿಯ ಮೇಲಿನ ಅಷ್ಟೂ ಬರಹವನ್ನು ಪುಟವೇ ಬರೆದು ಪ್ರಿಂಟರಿಗೆ ಕಳಿಸುತ್ತಿತ್ತು. ಈಗ ಪುಟ ಹೇಳುವುದು ಚೀಲದ ಸಂಖ್ಯೆ ಮಾತ್ರ. ಗುಂಪು ಯಾವುದೆಂದು ಹಿಂದಿನ ಕೋಣೆ ತನ್ನ ದಾಖಲೆಯಲ್ಲಿ ತಾನೇ ನೋಡಿಕೊಂಡು ಮುದ್ರಿಸುತ್ತದೆ. ಕೇಳುತ್ತಿರುವುದು ತನ್ನದೇ ಪುಟವೋ, ಬೇರೆ ಯಾವುದಾದರೂ ನುಸುಳಿ ಬಂದಿದೆಯೋ ಎಂದು ಪ್ರತಿ ಸಲವೂ ಮೊಹರು ನೋಡುತ್ತದೆ. ಆ್ಯಪಿನ ಬುಡದಲ್ಲಿದ್ದ ಹಳೆಯ ತಂತ್ರಾಂಶವನ್ನೂ ಹೊಸದಕ್ಕೆ ಬದಲಿಸಿದಳು. ಹಳೆಯ ಬೀಗಕ್ಕೆ ಸಂತೆಯಲ್ಲೇ ಕೀಲಿ ಸಿಗುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ, ಅವಳಿಗೇ ಗೊತ್ತಿತ್ತು.

ಪರೀಕ್ಷೆಯ ದಿನ ನಾನೂ ಹೋದೆ. ಡಾಕ್ಟರಮ್ಮ ನನ್ನ ಹಳೆಯ ಮುಖ ಗುರುತು ಹಿಡಿದು ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಫ್ರಿಜ್ಜುಗಳ ಗುಂಯ್ ಸದ್ದು, ಸ್ಪಿರಿಟ್ಟಿನ ವಾಸನೆ. ಪರೀಕ್ಷೆಯ ಹೆಂಗಸು ಹತ್ತಕ್ಕೆ ಸರಿಯಾಗಿ ಬಂದು, ಕನ್ನಡಕ ಒರೆಸಿ ಕೂತಳು. ಸೊಸೆ ಆ ಲೋಟವನ್ನು ತಂದಿದ್ದಳು. ಅದರಲ್ಲೇ ಅವಳಿಗೆ ಟೀ ಕೊಟ್ಟಳು. ಅವಳು ಚೀಟಿ ನೋಡಿ, ಸಕ್ಕರೆ ಕಡಿಮೆ ಎಂದಳು.

ಹನ್ನೊಂದು ನಿಮಿಷ ಕಳೆಯಿತು. ಸೊಸೆ ಗಡಿಯಾರ ನೋಡಿದಳು, ನಾನೂ ನೋಡಿದೆ. ಹನ್ನೊಂದು ಗಂಟೆಯಾಯಿತು, ಒಂದಾಯಿತು. ಪರೀಕ್ಷೆಯ ಹೆಂಗಸು ಸೂಚನಾ ಫಲಕದಲ್ಲಿ ಬರೆದಳು, ಅದು ಹೊರಗೇ ಉಳಿಯಿತು. ಹೊರಗಿನ ಪುಟಕ್ಕೆ ಒಯ್ಯುವ ಕೊಂಡಿ ಒತ್ತಿದಳು, ಆ್ಯಪ್ ಅದನ್ನು ತೆರೆಯಲಿಲ್ಲ. ಆ್ಯಪಿನಿಂದ ಕಂಪ್ಯೂಟರಿನ ಕ್ಯಾಮೆರಾ ತೆರೆಸಲು ನೋಡಿದಳು, ಆಗಲಿಲ್ಲ. ಅವಳು ಊಟಕ್ಕೆ ಏಳಲೇ ಇಲ್ಲ.

ಮೂರು ಗಂಟೆಗೆ ಅವಳ ಬೆನ್ನು ನೆಟ್ಟಗಾಯಿತು. "ಒಳಗೆ ಬಂದೆ," ಎಂದಳು.

ಚೀಟಿಯ ಮೇಲೆ ಚೀಲದ ಸಂಖ್ಯೆಯನ್ನು ಗೀರುಗಳ ಗುರುತಾಗಿ, ಅಂದರೆ ಬಾರ್‌ಕೋಡಾಗಿ, ಬಿಡಿಸಲು ಸೊಸೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ತುಣುಕೊಂದನ್ನು ಎರವಲು ತಂದಿದ್ದಳು. ಅದರಲ್ಲಿ ತೂತಿತ್ತು. ಅದರ ಮೂಲಕ ಪರೀಕ್ಷೆಯ ಹೆಂಗಸಿನ ಸಾಲು ಪುಟದೊಳಗೆ ಬಂದು ಕೂತಿತ್ತು. ಡಾಕ್ಟರಮ್ಮ ಕೈಲಿದ್ದ ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು. ನಾನು ಬೆಂಚಿನ ಅಂಚು ಹಿಡಿದುಕೊಂಡೆ.

ಒಳಗೆ ಬಂದವಳು ಫೈಲು ಕೇಳಿದಳು. ಹಲಗೆಯಲ್ಲಿ ಆ ಮಾತಿರಲಿಲ್ಲ. ಪ್ರಿಂಟರಿಗೆ ನೇರ ಬರೆಯಲು ಹೋದಳು, ಕೈ ಇರಲಿಲ್ಲ. ನಕಲಿ ಪುಟವೊಂದನ್ನು ನಿಲ್ಲಿಸಿ ಅದರಿಂದ ಕೇಳಿಸಿದಳು, ಮೊಹರಿಲ್ಲವೆಂದು ಕಿಂಡಿ ತಿರುಗಿಯೂ ನೋಡಲಿಲ್ಲ. ಕೊನೆಗೆ ಹಲಗೆಯಲ್ಲಿದ್ದ ಮಾತನ್ನೇ ಹಿಡಿದಳು. ಬಿ ಗುಂಪಿನ ಚೀಲಕ್ಕೆ ಚೀಟಿ ಬೇಕು, ಗುಂಪು ಓ ಎಂದು ಬರೆ ಎಂದು ಕೇಳಿದಳು.

ಪ್ರಿಂಟರ್ ಗುರುಗುಟ್ಟಿತು. ಚೀಟಿ ಹೊರಗೆ ಬಂತು. ಅದನ್ನು ತೆಗೆದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಕೊನೆಗೆ ಡಾಕ್ಟರಮ್ಮ ಹರಿದು, ಕಣ್ಣಿನ ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದರು.

"ಬಿ."

ಪರೀಕ್ಷೆಯ ಹೆಂಗಸು ಇನ್ನೂ ಒಂದೂಮುಕ್ಕಾಲು ಗಂಟೆ ಗುದ್ದಾಡಿದಳು. ಹದಿನೇಳು ಚೀಟಿ ಬಂದವು. ಹದಿನೇಳೂ ಬಿ. ಐದಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಎರವಲು ತಂದಿರೋ ಆ ತುಣುಕನ್ನ ನಾಳೆನೇ ಬದಲಾಯಿಸಿ, ತೂತು ತೂತೇ," ಎಂದಳು ಸೊಸೆಗೆ. "ಆದ್ರೆ ಒಳಗೆ ಬಂದು ಎರಡು ಗಂಟೆ ಸುಮ್ಮನೆ ನಿಂತಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಈ ಕಿಂಡಿ ಯಾರ ಹತ್ರ ಕಲಿತಿರಿ?"

ಸೊಸೆ ತಿರುಗಿ ನನ್ನತ್ತ ನೋಡಿದಳು. ನಾನು ಏನೋ ಹುಡುಕುವವನಂತೆ ಜೇಬಿಗೆ ಕೈಹಾಕಿದೆ. ಡಾಕ್ಟರಮ್ಮ ಕ್ಯಾಪು ತೆಗೆದು ಕಾಗದಕ್ಕೆ ಸಹಿ ಹಾಕಿದರು. ಸೊಸೆ ಲೋಟದ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಮೂರು ವಾರದ ಅಂಟು, ಸುಲಭಕ್ಕೆ ಬಿಡಲಿಲ್ಲ. ಕೆರೆಯುವಷ್ಟು ಹೊತ್ತೂ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು.

ಮುಂದಿನ ಸೋಮವಾರ ಆ್ಯಪಿನ ಚೀಟಿ ಹೊತ್ತ ಮೊದಲ ಚೀಲ ಹೊರಡುವುದನ್ನು ನೋಡಲು ರಕ್ತನಿಧಿಗೆ ಹೋದೆ. ಗಾಜಿನಾಚೆ ಗುಮಾಸ್ತೆ ಗುಂಡಿ ಒತ್ತಿದಳು, ಚೀಟಿ ಬಂತು, ಚೀಲಕ್ಕೆ ಅಂಟಿತು, ಚೀಲ ಒಬ್ಬ ನರ್ಸಿನ ಕೈಯಲ್ಲಿ ಓಡಿತು. ಯಾರಿಗೋ ಅದು, ನನಗೆ ಗೊತ್ತಿಲ್ಲ. ಇನ್ನಷ್ಟು ಹತ್ತಿರದಿಂದ ನೋಡೋಣವೆಂದು ಬಾಗಿಲು ತಳ್ಳಿದೆ. ಆ ಗುಮಾಸ್ತೆಗೆ ನಾನು ಯಾರೆಂದು ಚೆನ್ನಾಗಿ ಗೊತ್ತು, ಆದರೂ ಕೈ ಅಡ್ಡ ಹಿಡಿದಳು.

"ಅಜ್ಜ, ಒಳಗೆ ಬರೋ ಹಾಗಿಲ್ಲ. ಏನು ಬೇಕೋ ಕಿಂಡೀಲಿ ಕೇಳಿ."

ಮೂವತ್ತೆಂಟು ವರ್ಷ ನಾನು ಹೇಳಿದ ಮಾತು. ನನಗೇ ಯಾರಾದರೂ ಹೇಳಿದ್ದು ಅದೇ ಮೊದಲು. ಹೊರಗೆ ಬಂದು, ಕಿಂಡಿಯ ಮುಂದೆ ಎಲ್ಲರ ಹಿಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಾಗಿ, ನನಗೆ ಏನೂ ಬೇಡಮ್ಮ, ಚೆನ್ನಾಗಿ ನಡೆಸುತ್ತಿದ್ದೀಯ ಎಂದು ಹೇಳಿ ಮನೆಗೆ ಬಂದೆ.