ಅಂತಿದ್ಲು

ಟೈಲರ್ ಬಾಯಿ ತೆರೆದರೆ ಅಂಗಡಿಯಲ್ಲಿ ಹತ್ತು ಜನ ಸೇರಿದಂತಾಗುತ್ತಿತ್ತು. ಔಷಧಿ ಅಂಗಡಿಯವನ ಕೆಮ್ಮು, ಬಸ್ ಕಂಡಕ್ಟರನ ಮೂಗುದನಿ, ಹೆಡ್‌ಮಾಸ್ತರರ ಗುಡುಗು ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. "ನನ್ನದು ಎರಡೂ ಕತ್ತರಿ ಕೆಲಸಾನೇ ಕಣ್ರೀ. ಕೈಯಲ್ಲಿ ಬಟ್ಟೆ ಕತ್ತರಿಸ್ತೀನಿ, ಬಾಯಲ್ಲಿ ಮಾನ" ಎಂದು ತಾನೇ ನಗುತ್ತಿದ್ದ.

ಅವನ ಹೆಂಡತಿ ಮೂಲೆಯ ನೀಲಿ ಪರದೆಯ ಹಿಂದೆ ಹೆಂಗಸರ ಅಳತೆ ತೆಗೆಯುತ್ತಿದ್ದಳು. ಮಗಳು ಶಾಲೆಯಿಂದ ಬಂದ ಸದ್ದಾದರೆ ಅಲ್ಲಿಂದಲೇ ಕೂಗು: "ಬಂದ್ಯಾ ನನ್ನ ಗುಂಡಿ? ಕಾಜಾ ಇಲ್ಲಿ ಬಾಯ್ಬಿಟ್ಕೊಂಡು ಕಾಯ್ತಿದೆ, ಬಾ!" ದುಂಡು ಮುಖದ ಆ ಹುಡುಗಿ ಪರದೆಯೊಳಗೆ ನುಗ್ಗಿ, ಅಂಗಿಯ ಗುಂಡಿ ಕಾಜಾದ ತೂತಿಗೆ ಸಿಕ್ಕಿಕೊಂಡಂತೆ ಅಮ್ಮನ ತೋಳಿಗೆ ಸಿಕ್ಕಿಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಬಂದ ಒಂದು ಜ್ವರ ಆ ಹೆಂಗಸನ್ನು ಕರೆದುಕೊಂಡು ಹೋಯಿತು.

ರಜೆ ಮುಗಿದು ಶಾಲೆ ಶುರುವಾದ ದಿನ ಗುಂಡಿ ಅಂಗಡಿಯ ಹೊಸ್ತಿಲಲ್ಲೇ ನಿಂತಳು. ಎಷ್ಟು ಕರೆದರೂ ಒಳಗೆ ಬರಲೊಲ್ಲಳು. ಕಣ್ಣು ಪರದೆಯ ಮೇಲೆ. ಟೈಲರ್‌ಗೆ ಏನು ತೋಚಿತೋ, ಎದ್ದು ಪರದೆಯ ಹಿಂದೆ ಹೋಗಿ ಹೆಂಡತಿಯ ದನಿ ತೆಗೆದ: "ಬಂದ್ಯಾ ನನ್ನ ಗುಂಡಿ?"

ಮಗಳು ನಕ್ಕುಬಿಟ್ಟಳು. ಆ ನಗುವಿಗಾಗಿ ಮರುದಿನವೂ ಕೂಗಿದ, ಅದರ ಮರುದಿನವೂ. ಬರಬರುತ್ತಾ ಅವಳು ಪರದೆಯ ಈಚೆ ಸ್ಟೂಲ್ ಎಳೆದುಕೊಂಡು ಕೂತು ಶಾಲೆಯ ಸುದ್ದಿಯೆಲ್ಲ ಹೇಳತೊಡಗಿದಳು. ಅಪ್ಪ ಹೊರಗೆ ಬಂದರೆ ಗಪ್‌ಚುಪ್.

"ಅದೇನು ನಂಗೂ ಹೇಳೇ."

"ಅಮ್ಮಂಗೆ ಹೇಳಾಯ್ತಲ್ಲ."

ಅವನಿಗೆ ಹೊಟ್ಟೆಕಿಚ್ಚಾಯಿತು, ತನ್ನದೇ ಗಂಟಲಿನ ಮೇಲೆ. ಮಗಳು ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದಳು, ತಪ್ಪಿಸುತ್ತಿದ್ದವನು ತಾನೇ.

ಅವನು ಸೊರಗಿದ್ದನ್ನು ಕಂಡ ಅವನ ಅಕ್ಕ ಬಿಡಲಿಲ್ಲ. "ಲೋ, ಯಾರಾದ್ರೂ ಆಪ್ತಸಮಾಲೋಚಕರ ಹತ್ರ ಮಾತಾಡೋ."

"ನಾನು ಅಲ್ಲಿ ಹೋಗಿ ಕೂತ್ರೆ, ಪಕ್ಕದಲ್ಲಿ ಕೂತೋನು 'ಒಂದು ಕಂಡಕ್ಟರ್ ಮಾಡಪ್ಪಾ' ಅಂತಾನೆ."

"ಹೋಗೋದೇ ಬೇಡ. ಫೋನಲ್ಲೇ, ಆ್ಯಪಲ್ಲೇ."

"ಹಾಗಾದ್ರೆ ಆ್ಯಪ್ತಸಮಾಲೋಚಕರು ಅನ್ನು."

"ಅದೇನಾದ್ರೂ ಅನ್ಕೋ. ಮಾತಾಡು."

ಬುಧವಾರದ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಷಟರ್ ಅರ್ಧ ಎಳೆದು, ಫೋನನ್ನು ನೂಲಿನ ಉಂಡೆಗೆ ಆನಿಸಿಟ್ಟ. ತೆರೆಯ ಮೇಲೆ ಬಂದ ಸಮಾಲೋಚಕಿಗೆ ಬಿಡದ ನೆಗಡಿ. ಹಿಂದೆ ಒಂದು ಬೆಕ್ಕು ಅಡ್ಡಾಡುತ್ತಿತ್ತು. ಮೊದಲ ವಾರ ಅವಳ ನೆಗಡಿಯ ದನಿಯನ್ನೇ ಅವಳಿಗೆ ಒಪ್ಪಿಸಿದ. ಆಕೆ ಮನಸಾರೆ ನಕ್ಕಳು. ಆಮೇಲಿನ ವಾರ ಮುಖ ತೋರಿಸಲಾರೆನೆಂದ. "ಕ್ಯಾಮೆರಾ ಆಫ್ ಮಾಡಿ, ಪರವಾಗಿಲ್ಲ" ಎಂದಳು. ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ, ದಿನವೂ ಕೂರುವ ಅದೇ ಸ್ಟೂಲಿನ ಮೇಲೆ, ಗಿರಾಕಿಯ ಅಂಗಿಯಲ್ಲೇ ಮೂಗೊರೆಸಿಕೊಂಡು ಅತ್ತ. ಫೋನಿನ ಪರದೆಗೆ ಎಲ್ಲ ಹೇಳಿದ, ಬಟ್ಟೆಯ ಪರದೆಯ ಸಂಗತಿಯೊಂದನ್ನು ಬಿಟ್ಟು.

ಅದೂ ಹೊರಬಿತ್ತು. ಒಂದು ಬುಧವಾರ ಶಾಲೆ ಬೇಗ ಬಿಟ್ಟಿತು. ಮಾತು ನಡೆಯುತ್ತಿದ್ದಾಗಲೇ ಗುಂಡಿ ಷಟರ್ ಕೆಳಗೆ ನುಸುಳಿ ಬಂದು "ಅಮ್ಮಾ!" ಎಂದಳು. ಟೈಲರ್ ಫೋನ್ ನೋಡಿದ, ಮಗಳನ್ನು ನೋಡಿದ. ಎದ್ದು ಪರದೆಯ ಹಿಂದೆ ಹೋದ.

ಸುದ್ದಿ ಹೇಳಿ ಮುಗಿಸಿ ಗುಂಡಿ ಆಡಲು ಓಡಿದ ಮೇಲೆ ವಾಪಸು ಬಂದು ಕೂತ.

"ಕೇಳಿಸ್ತಾ ಮೇಡಂ?"

"ಕೇಳಿಸ್ತು. ನೀವು ನನ್ನ ಕ್ಲಿನಿಕ್ಕಿಗೆ ಬಂದಿದ್ರೆ ಇದು ನನಗೆ ಯಾವತ್ತೂ ಕೇಳಿಸ್ತಿರಲಿಲ್ಲ."

"ನಿಲ್ಲಿಸು ಅಂತ ಮಾತ್ರ ಹೇಳ್ಬೇಡಿ. ನಿಲ್ಲಿಸಿದ್ರೆ ನನ್ನ ಹೆಂಡತೀನ ನಾನೇ ಕೈಯಾರೆ ಕಳಿಸಿದ ಹಾಗೆ."

"ಮಾತು ಅವರದ್ದೇ ಇರಲಿ. ದನಿ ನಿಮ್ಮದಾಗಲಿ. ಕೊನೆಗೆ ಒಂದು ಪದ ಸೇರಿಸಿ: 'ಅಂತಿದ್ಲು'. ಈಗ ನನಗೆ ಹೇಳಿ ನೋಡೋಣ."

"ಇಷ್ಟೇನಾ?" ಗಂಟಲು ಸರಿಮಾಡಿಕೊಂಡ. "ಬಂದ್ಯಾ ನನ್ನ ಗುಂಡಿ... ಅಂತಾಳೆ."

ತಿದ್ದಿಕೊಳ್ಳಲು ಹೋದ. ಮತ್ತೆ "ಅಂತಾಳೆ" ಎಂದೇ ಬಂತು. ಹಿಂದೆ ಶಾಲೆಯಲ್ಲಿ ಭೂತಕಾಲವೆಂದರೆ ದೆವ್ವ ಓಡಾಡುವ ಹೊತ್ತು ಎಂದು ಹೇಳಿ ಏಟು ತಿಂದವನು ಅವನು. ಈಗ ಊರಿನವರ ದನಿಯನ್ನೆಲ್ಲ ಹೊರಳಿಸುವ ಅದೇ ನಾಲಿಗೆ ಆ ಭೂತಕಾಲದ ಬಾಗಿಲಲ್ಲಿ ನಿಂತು ಒಳಗೆ ಹೋಗಲೊಲ್ಲದು. ಮೆಷಿನ್ನಿನ ಮೇಲೆ ಹಣೆಯಿಟ್ಟ. ಹೊತ್ತು ಮೀರಿದರೂ ಆಕೆ ಕರೆ ಮುಗಿಸಲಿಲ್ಲ. ನೆಗಡಿಯ ಉಸಿರು ಫೋನಿನಲ್ಲಿ ಕೇಳಿಸುತ್ತಲೇ ಇತ್ತು.

ಮರುದಿನ ಗುಂಡಿ ಬರುವ ಹೊತ್ತಿಗೆ ಅವನು ಪರದೆಯ ಈಚೆ ಕೂತಿದ್ದ. ದನಿ ಒಡೆದಿತ್ತು, ಆದರೆ ಅವನದೇ ಆಗಿತ್ತು.

"ಬಂದ್ಯಾ ನನ್ನ ಗುಂಡಿ? ಕಾಜಾ ಬಾಯ್ಬಿಟ್ಕೊಂಡು ಕಾಯ್ತಿದೆ, ಬಾ..." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. "ಅಂತಿದ್ಲು ನಿಮ್ಮಮ್ಮ."

"ಹಾಗಲ್ಲ! ಅಮ್ಮನ ಥರ ಹೇಳು!"

"ಆಗಲ್ಲ ಕಂದ."

ಬ್ಯಾಗು ಎಸೆದಳು. ಅವನ ಎದೆಗೆ ಗುದ್ದಿದಳು. ಓಡಿಹೋಗಿ ಪರದೆ ಸರಿಸಿದಳು. ಒಂದು ಕನ್ನಡಿ, ಮೊಳೆಗೆ ನೇತುಹಾಕಿದ ಅಳತೆ ಟೇಪು, ಗೋಡೆ. ಟೇಪನ್ನು ಮುಟ್ಟಿ ನೋಡಿದಳು. ಅಮ್ಮನನ್ನು ಹೊತ್ತುಕೊಂಡು ಹೋದ ದಿನವೂ ಅಳದವಳು ಆಮೇಲೆ ಅತ್ತಳು, ಬಿಕ್ಕಳಿಕೆ ಬರುವ ತನಕ. ಟೈಲರ್ ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡ. ಅವಳು ಇಳಿದು ಹೋಗಲಿಲ್ಲ.

"ನೀನು ತಪ್ಪು ಹೇಳ್ದೆ" ಎಂದಳು ಕೊನೆಗೆ, ಅವನ ಅಂಗಿಯ ಗುಂಡಿ ತಿರುಗಿಸುತ್ತಾ. "ಕಾಜಾ 'ಇಲ್ಲಿ' ಬಾಯ್ಬಿಟ್ಕೊಂಡು... 'ಇಲ್ಲಿ' ಬಿಟ್ಟೆ ನೀನು. ಅಮ್ಮ 'ಇಲ್ಲಿ' ಅಂತಿದ್ಲು."

"ಹೂಂ" ಎಂದ ಟೈಲರ್. "ಅಂತಿದ್ಲು."