ಹೊಗೆಕೊಳವೆ ಕಾಣುವಷ್ಟು ದೂರ

ಹಡಗು ಜಮೈಕಾದ ಬಂದರಿಗೆ ಬಂದು ನಿಂತ ಬೆಳಿಗ್ಗೆ ಸಿದ್ದಲಿಂಗೇಶ ತನ್ನ ಮನೆಯವರಿಗೆ ಒಂದು ಕಾನೂನು ಮಾಡಿದ. ಕೆಳಗಿಳಿದ ಮೇಲೆ ಹಡಗಿನ ಹೊಗೆಕೊಳವೆ ಕಣ್ಣಿಗೆ ಕಾಣದಷ್ಟು ದೂರ ಯಾರೂ ಹೋಗತಕ್ಕದ್ದಲ್ಲ.

“ತಲಿ ಎತ್ತಿ ನೋಡಿದ್ರ ಆ ಕೆಂಪು ಕೊಳವಿ ಕಾಣಬೇಕು. ಕಾಣಲಿಲ್ಲಂದ್ರ ಅಲ್ಲಿಂದನ ಹಿಂದಕ್ಕ ತಿರುಗಬೇಕು. ತಿಳೀತಿಲ್ಲ?”

ಹೆಂಡತಿ ಶಿವಕುಮಾರಿ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡಳು. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬಂದಿದ್ದ ಮಗಳು ಅನುಪಮಾ ಕಿಟಕಿಯಾಚೆ ನೋಡುತ್ತ ನಗು ನುಂಗಿದಳು. ಎಪ್ಪತ್ತೆರಡು ವರ್ಷದ ತಾಯಿ ಅಂಬಮ್ಮ ಮಾತ್ರ, “ನನಗ ಮನಿ ಮುಂದಿನ ಲೈಟಿನ ಕಂಬನ ನೆಟ್ಟಗ ಕಾಣಂಗಿಲ್ಲೋ ಸಿದ್ದಾ. ನಾ ಎಲ್ಲಿಂದ ತಿರುಗಲಿ?” ಎಂದು ಕೇಳಿದಳು.

“ನೀ ನನ್ನ ಕೈ ಬಿಡಬ್ಯಾಡ, ಅಷ್ಟ.”

ಸಿದ್ದಲಿಂಗೇಶನದು ಸಿಂಧನೂರಿನಲ್ಲಿ ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ಮುಕ್ಕುಂದ, ವಳಕಮದಿನ್ನಿಯ ಕಡೆಯ ಭತ್ತದ ರೈತರು ಹುಳ ಬಿದ್ದ ಪೈರು ಕಿತ್ತುಕೊಂಡು ಮೊದಲು ಬರುವುದು ಅವನ ಕಟ್ಟೆಗೇ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ವರ್ಷವರ್ಷ ಬ್ಯಾಂಕಾಕಿಗೋ ದುಬೈಗೋ ಕರೆದುಕೊಂಡು ಹೋಗುವುದು ವಾಡಿಕೆ. ಈ ಸಲ ಯಾರ ತಲೆಗೆ ಏನು ಹೊಳೆಯಿತೋ, ಕುಟುಂಬ ಸಮೇತ ಕೆರಿಬಿಯನ್ ಸಮುದ್ರದಲ್ಲಿ ಏಳು ದಿನದ ಹಡಗು ಪ್ರಯಾಣ ಎಂದು ಸಾರಿಬಿಟ್ಟಿದ್ದರು. ಮೇ ತಿಂಗಳಾದ್ದರಿಂದ ಅಂಗಡಿಯಲ್ಲಿ ವ್ಯಾಪಾರವಿರಲಿಲ್ಲ, ಬಿಸಿಲಂತೂ ಕೇಳುವುದೇ ಬೇಡ. ಹಾಗಾಗಿ ಜಿಲ್ಲೆಯ ಹನ್ನೊಂದು ಡೀಲರುಗಳ ಸಂಸಾರಗಳು ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹಡಗು ಹತ್ತಿದ್ದವು.

ಸಿದ್ದಲಿಂಗೇಶನಿಗೆ ಸಮುದ್ರದ ಭಯವಿರಲಿಲ್ಲ. ಭಯವಿದ್ದದ್ದು ವೇಳೆಯದು. ರಾಯಚೂರಿನಲ್ಲಿ ರೈಲು ಹಿಡಿಯಬೇಕಾದರೆ ಅದಕ್ಕೂ ಹಿಂದಿನ ರೈಲು ಹೋಗುವುದನ್ನು ಕಣ್ಣಾರೆ ನೋಡುವವನು ಅವನು. ಹಡಗು ಯಾರಿಗೂ ಕಾಯುವುದಿಲ್ಲ, ಮೂರೂವರೆಗೆ ಎಲ್ಲರೂ ಹತ್ತಿರಬೇಕು, ನಾಲ್ಕಕ್ಕೆ ಹೊರಡುತ್ತದೆ ಎಂದು ಕಂಪನಿಯ ಮನುಷ್ಯ ಹೇಳಿದಾಗಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಇಳಿಯುವ ಬಾಗಿಲಲ್ಲಿ ಮಸ್ಕಿಯ ಡೀಲರ್ ಹಫೀಜ್ ಹೆಂಡತಿ ಮುಸರತ್ ಜೊತೆ ನಿಂತಿದ್ದ. ಉಳಿದ ಡೀಲರುಗಳೆಲ್ಲ ಬಸ್ಸಿನಲ್ಲಿ ಒಂದೂವರೆ ತಾಸು ದೂರದ ಜಲಪಾತಕ್ಕೆ ಹೊರಟಿದ್ದರು.

“ಸಿದ್ದಲಿಂಗಣ್ಣಾ, ಭೂಮಿ ಈ ತುದಿಗೆ ಬಂದು ಬಂದರದಾಗ ಕುಂದ್ರತೀರೇನ್ರೀ? ಬರ್ರಿ, ಜಲಪಾತ ನೋಡಿಕೊಂಡು ಬರೂಣು.”

“ಬಸ್ಸು ಪಂಚರ್ ಆದ್ರ?”

“ಹಡಗಿನವ್ರದ ಬಸ್ಸು. ಬಿಟ್ಟು ಹೋಗಂಗಿಲ್ಲ.”

“ಹೌದೌದು, ಹಡಗು ನಿಮ್ಮ ಮಾವಂದು! ನೀವು ಹೋಗಿ ಬರ್ರಿ. ನಾವು ಇಲ್ಲೇ ಹತ್ತಿರ ಏನೈತೋ ನೋಡ್ತೀವಿ.”

ಅಷ್ಟರಲ್ಲಿ ಮೈಕಿನಲ್ಲಿ ಏನನ್ನೋ ಸಾರಿದರು. ಅನುಪಮಾ ತಂದೆಯ ಅಂಗಿ ಜಗ್ಗಿದಳು. “ಅಪ್ಪಾ, ಇಲ್ಲಿ ಊರಿನ ಟೈಮು ಬ್ಯಾರೆ, ಹಡಗಿನ ಟೈಮು ಬ್ಯಾರೆ ಅಂತ. ಹಡಗಿಂದು ಒಂದು ತಾಸು ಮುಂದ ಐತಿ.”

ಕೊರಳಿಗೆ ಹಾಕಿಕೊಳ್ಳುವ ಹಡಗಿನ ನಾಲ್ಕು ಕಾರ್ಡುಗಳನ್ನು ಮೂರನೆಯ ಸಲ ಎಣಿಸುತ್ತಿದ್ದ ಸಿದ್ದಲಿಂಗೇಶ ತಲೆಯೆತ್ತಲಿಲ್ಲ. “ಟೈಮಿನ ಮಾತು ನನಗ ಹೇಳಬ್ಯಾಡವಾ” ಎಂದ. ಅವನ ಕೈಗಡಿಯಾರದಲ್ಲಿ ಇನ್ನೂ ಸಿಂಧನೂರಿನ ವೇಳೆಯೇ ಓಡುತ್ತಿತ್ತು. ಅಂಗಡಿ ಬಾಗಿಲು ತೆಗೆದರೋ ಇಲ್ಲವೋ ಎಂದು ತಿಳಿಯಲು ಅವನು ಅದನ್ನು ಬದಲಿಸಿರಲಿಲ್ಲ.

ಬಂದರಿನ ಹತ್ತಿರವೇ ಮಾಡುವುದಕ್ಕೆ ಬೇಕಾದಷ್ಟಿತ್ತು. ಮೊದಲು ಕುದುರೆಗಾಡಿ ಹತ್ತಿದರು. ಊರಿನ ಬೀದಿಗಳಲ್ಲಿ ಒಂದು ಸುತ್ತು. ಬಣ್ಣಬಣ್ಣದ ಹಳೆಯ ಮನೆ, ಇಗರ್ಜಿ, ಹಣ್ಣಿನ ಸಂತೆ ಎಲ್ಲವನ್ನೂ ಮೂವರು ಹೆಂಗಸರು ನೋಡಿದರು. ಸಿದ್ದಲಿಂಗೇಶ ಗಾಡಿಯಲ್ಲಿ ಹಿಂದುಮುಂದಾಗಿ ಕುಳಿತು ಹೊಗೆಕೊಳವೆ ನೋಡಿದ.

ಆಮೇಲೆ ತಳಕ್ಕೆ ಗಾಜು ಹಾಕಿದ ದೋಣಿ. ಕೂತಲ್ಲಿಂದಲೇ ಕೆಳಗಿನ ಮೀನು, ಹವಳ ಎಲ್ಲ ಕಾಣುತ್ತಿತ್ತು. ಅಂಬಮ್ಮ ಗಾಜಿನ ಮೇಲೆ ಕಾಲೂರಲಿಲ್ಲ. ಬೆಂಚಿನ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತು, “ಸಾಲಿ ಹುಡುಗ್ರು ಗಂಟಿ ಹೊಡದ ಮ್ಯಾಲ ಹೊಂಟಂಗ ಹೊಂಟಾವ ನೋಡು” ಎಂದು ಮೀನಿನ ಹಿಂಡಿಗೆ ಕೈಮಾಡಿದಳು. ದೋಣಿ ನಡೆಸುವವನು ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದ. ಅವಳು ಅವನ ಒಂದೊಂದು ಮಾತಿಗೂ “ಹೂಂ, ಖರೇನ” ಎನ್ನುತ್ತಿದ್ದಳು. ಇಳಿಯುವಾಗ ಅವನು ಉಳಿದವರಿಗೆಲ್ಲ ತಲೆಯಾಡಿಸಿ, ಅವಳಿಗೆ ಮಾತ್ರ ಕೈಕೊಟ್ಟು ಇಳಿಸಿದ.

ಹತ್ತು ನಿಮಿಷ ನಡೆದರೆ ಮರಳಿನ ದಂಡೆ. ಅಂಬಮ್ಮ ಸೀರೆ ಮೇಲಕ್ಕೆ ಸಿಕ್ಕಿಸಿ ಮೊಣಕಾಲ ಮಟ ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಹಚ್ಚಿ ಉಗುಳಿದಳು.

“ಇಷ್ಟು ನೀರು ಕೊಟ್ಟು ಮ್ಯಾಲ ಉಪ್ಪು ಸುರುವ್ಯಾನಲ್ಲೋ ದೇವರು! ನಮ್ಮ ಕಾಲುವಿ ಕೊನೀ ಹೊಲದವ್ರು ನೋಡಿದ್ರ ಎದಿ ಎದಿ ಬಡ್ಕೊಂತಾರ.”

ದಂಡೆಯ ಮೇಲೆ ಒಬ್ಬ ಹೆಂಗಸು ಹುಡುಗಿಯರಿಗೆ ಸಣ್ಣ ಸಣ್ಣ ಜಡೆ ಹೆಣೆದು ಮಣಿ ಪೋಣಿಸುತ್ತಿದ್ದಳು. ಅನುಪಮಾ ಕುಳಿತಳು. ಕೆಲಸ ನಿಧಾನವೆನಿಸಿ ಅಂಬಮ್ಮ ಇನ್ನೊಂದು ಬದಿಯಿಂದ ತಾನೂ ಹೆಣೆಯಲು ಶುರುಮಾಡಿದಳು. ಆ ಹೆಂಗಸು ಮೊದಲು ಗುರಾಯಿಸಿದಳು, ಆಮೇಲೆ ಮುದುಕಿಯ ಬೆರಳ ಓಟ ನೋಡಿ ಮಣಿಯ ಡಬ್ಬಿಯನ್ನು ಅವಳತ್ತ ಸರಿಸಿದಳು. ಶಿವಕುಮಾರಿ ಫೋಟೊ ತೆಗೆಯುತ್ತ ಹೊಟ್ಟೆ ಹಿಡಿದು ನಕ್ಕಳು. ಗಂಡನ ಫೋನು ಅವಳ ಕೈಯಲ್ಲೇ ಇತ್ತು.

ಬಿಸಿಲೇರಿದ ಮೇಲೆ ನಾಲ್ವರೂ ಹಡಗಿನ ಕಡೆ ಹೊರಟರು. ದೂರದಲ್ಲಿ ಬಂದರಿನ ಗೇಟು ಕಾಣುತ್ತಿದ್ದಂತೆ ಸಿದ್ದಲಿಂಗೇಶ ಗಕ್ಕನೆ ನಿಂತ. ರಸ್ತೆಯಾಚೆ ಹಸಿರು ಬಣ್ಣದ ಒಂದು ಅಂಗಡಿ. ಹೊರಗೆ ಗೊಬ್ಬರದ ಚೀಲಗಳ ಥಪ್ಪಿ. ಬಾಗಿಲಿಗೆ ಎಣ್ಣೆ ಹೊಡೆಯುವ ಪಂಪು ನೇತುಹಾಕಿದ್ದರು.

“ನೀವು ಹತ್ರಿ. ನಾ ಎರಡು ನಿಮಿಷದಾಗ ಬಂದೆ.”

ಶಿವಕುಮಾರಿ ಅವನ ಕಣ್ಣು ಹೋದ ಕಡೆ ನೋಡಿದಳು. “ಊಟಿಗೆ ಹೋದಾಗೂ ಹಿಂಗ ಮಾಡಿದ್ರಿ” ಎಂದು, ಅತ್ತೆಯ ಕೈಹಿಡಿದು ನಡೆದಳು.

ಬಾಗಿಲು ದಾಟುತ್ತಲೇ ಮೂಗಿಗೆ ಅದೇ ವಾಸನೆ ಬಂತು. ಯೂರಿಯಾ, ಗಂಧಕ, ಬೀಜಕ್ಕೆ ಹಚ್ಚುವ ಪುಡಿ. ನಾಲ್ಕು ದಿನದಿಂದ ಸೆಂಟು ಬಳಿದುಕೊಂಡ ಜನರ ನಡುವೆ ಓಡಾಡಿದ್ದ ಸಿದ್ದಲಿಂಗೇಶನಿಗೆ ಎದೆ ತುಂಬಿ ಬಂತು. ಗಲ್ಲಾದಲ್ಲಿ ಕನ್ನಡಕದ ದಪ್ಪನೆಯ ಹೆಂಗಸೊಬ್ಬಳು ಕುಳಿತಿದ್ದಳು.

“ಐ ಆಲ್ಸೋ ಸೇಮ್ ಶಾಪ್” ಎಂದ, ಎದೆಯ ಮೇಲೆ ಕೈಯಿಟ್ಟು. “ಇಂಡಿಯಾ. ಸಿಂಧನೂರ್.”

ಅವಳು ನಕ್ಕು ಕುರ್ಚಿ ತೋರಿಸಿದಳು. ಅಷ್ಟಕ್ಕೇ ಎದ್ದು ಬರುತ್ತಿದ್ದನೇನೋ. ಆದರೆ ಅದೇ ಹೊತ್ತಿಗೆ ಒಬ್ಬ ರೈತ ಮೆಣಸಿನ ಗಿಡದ ಟೊಂಗೆ ಹಿಡಿದು ಒಳಗೆ ಬಂದ. ಗುಂಡು ಗುಂಡು ಕಾಯಿ, ಮುದುರಿದ ಎಲೆ. ಅಂಗಡಿಯವಳು ಒಮ್ಮೆ ನೋಡಿ “ಥ್ರಿಪ್ಸ್” ಎಂದು ಹುಳದ ಹೆಸರು ಹೇಳಿ ಕಪಾಟಿನಿಂದ ಬಾಟಲಿ ತೆಗೆಯಲು ಹೋದಳು.

“ನೋ ಥ್ರಿಪ್ಸ್!”

ಅಂದದ್ದು ಸಿದ್ದಲಿಂಗೇಶ. ಅವನು ಟೊಂಗೆ ಇಸಿದುಕೊಂಡು, ತನ್ನ ಅಂಗೈಯನ್ನೇ ಎಲೆ ಮಾಡಿ ತೋರಿಸಿದ. ಬೆರಳು ಮೇಲಕ್ಕೆ ಮಡಚಿ, “ದಿಸ್, ಥ್ರಿಪ್ಸ್.” ಕೆಳಕ್ಕೆ ಮಡಚಿ, “ದಿಸ್, ಮೈಟ್ಸ್.” ಟೊಂಗೆಯ ಎಲೆಗಳೆಲ್ಲ ಕೆಳಕ್ಕೇ ಮುದುರಿದ್ದವು, ಎಂದರೆ ಕಣ್ಣಿಗೆ ಕಾಣದಂಥ ನುಸಿಯ ಕಾಟ. ಅಂಗಡಿಯವಳು ಖಾನೆಯಿಂದ ಭೂತಗನ್ನಡಿ ತೆಗೆದು ಎಲೆಯ ಹಿಂಬದಿ ನೋಡಿದಳು, ತುಸು ಹೊತ್ತು ನೋಡಿದಳು, ಬಾಟಲಿಯನ್ನು ಕಪಾಟಿಗೆ ವಾಪಸಿಟ್ಟಳು.

ಇನ್ನು ಕೇಳಬೇಕೇ? ತಣ್ಣಗಿನ ಶರಬತ್ತು ಬಂತು. ಮತ್ತಿಬ್ಬರು ರೈತರು ಬಂದರು. ಸಿದ್ದಲಿಂಗೇಶ ಗಂಧಕದ ಚೀಲ ತೋರಿಸಿ, “ಈವ್ನಿಂಗ್ ಸ್ಪ್ರೇ! ನೋ ಸನ್! ಸನ್, ಲೀಫ್ ಬರ್ನ್!” ಎಂದು ಸುಟ್ಟ ಎಲೆಯ ಹಾಗೆ ಮುಖ ಕಿವುಚಿ ತೋರಿಸಿದ. ಅವರು ಅವನ ಮಾತು ಕೇಳಿದ ರೀತಿಯೇ ಬೇರೆ. ಸಿಂಧನೂರಿನಲ್ಲಾದರೆ ರೈತರು ಒಂದು ಕಾಲು ಬೈಕಿನ ಮೇಲಿಟ್ಟೇ “ಯಾವುದರ ಒಂದು ಎಣ್ಣಿ ಕೊಡ್ರಿ, ಲಗೂ” ಎನ್ನುವವರು. ಇಲ್ಲಿ ಒಬ್ಬ ಮುದುಕ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ.

ನಡುನಡುವೆ ಸಿದ್ದಲಿಂಗೇಶ ಗೋಡೆಯ ಗಡಿಯಾರ ನೋಡುತ್ತಿದ್ದ. ಎರಡೂಕಾಲು. ಎರಡೂವರೆ. ಕಿಟಕಿಯಲ್ಲಿ ಕೆಂಪು ಕೊಳವೆಯೂ ಕಾಣುತ್ತಿತ್ತು. ತಾನು ಮಾಡಿದ ಕಾನೂನು ತಾನು ಮುರಿದಿರಲಿಲ್ಲವಲ್ಲ. ಗಡಿಯಾರದಲ್ಲಿ ಎರಡೂಮುಕ್ಕಾಲಾದಾಗ ಕೊಳವೆಯಿಂದ ಹೊಗೆ ಏಳತೊಡಗಿತು. ಆಮೇಲೆ ಗಾಜು ಅದುರುವ ಹಾಗೆ ಹಡಗು ಕೂಗಿತು.

ಅಂಗಡಿಯವಳು ಅವನ ಕೊರಳಲ್ಲಿದ್ದ ಕಾರ್ಡು ನೋಡಿದಳು, ಗಡಿಯಾರ ನೋಡಿದಳು. “ಓ ಡಾರ್ಲಿಂಗ್!” ಎಂದು ಒಂದು ಬೆರಳೆತ್ತಿ, “ಶಿಪ್ ಟೈಮ್! ಒನ್ ಅವರ್ ಅಹೆಡ್!” ಎಂದು ಕೂಗಿದಳು.

ಬೆಳಿಗ್ಗೆ ಮಗಳು ಹೇಳಿದ ಮಾತು ಆಗ ಅವನ ತಲೆಗೆ ಇಳಿಯಿತು. ಹಡಗಿನ ಲೆಕ್ಕದಲ್ಲಿ ಆಗಲೇ ಮೂರೂಮುಕ್ಕಾಲು.

ಮೆಣಸಿನ ಗಿಡದ ರೈತ ಅವನ ತೋಳು ಹಿಡಿದು ಎಳೆದೊಯ್ದು, ಖಾಲಿ ಬುಟ್ಟಿ ತುಂಬಿದ್ದ ತನ್ನ ಗಾಡಿಗೆ ಹತ್ತಿಸಿದ. ಗೇಟಿನತನಕ ಗಾಡಿ ಹಾರಿಕೊಂಡೇ ಬಂತು. ಮುಂದೆ ಗಾಡಿಗೆ ದಾರಿಯಿರಲಿಲ್ಲ. ಕಾಂಕ್ರೀಟಿನ ಉದ್ದನೆಯ ಕಟ್ಟೆ, ತುದಿಯಲ್ಲಿ ಹಡಗು. ಸಿದ್ದಲಿಂಗೇಶ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದ. ನಲವತ್ತೆಂಟು ವರ್ಷ, ಮುಂದೆ ಬಂದ ಹೊಟ್ಟೆ, ಸುಡುವ ನೆಲ. ಮೇಲೆ ನೋಡಿದರೆ ಹಡಗಿನ ಅಂತಸ್ತು ಅಂತಸ್ತಿನಲ್ಲೂ ಜನ! ಸಾವಿರಾರು ಮಂದಿ ಕಟಕಟೆ ಹಿಡಿದು ಚಪ್ಪಾಳೆ ತಟ್ಟುತ್ತಿದ್ದರು, ಸಿಳ್ಳೆ ಹೊಡೆಯುತ್ತಿದ್ದರು. ಆ ಗದ್ದಲದೊಳಗಿಂದ ಹಫೀಜನ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು: “ಓಡ್ರೀ ಸಿದ್ದಲಿಂಗಣ್ಣಾ! ಸಿಂಧನೂರಿನ ಮರ್ಯಾದಿ ಐತಿ!” ಅವನು ಜಲಪಾತ ನೋಡಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ ನಿಂತಿದ್ದ.

ಹಡಗಿಗೆ ಹತ್ತುವ ಹಲಗೆಯ ಹತ್ತಿರ ಬಂದಾಗ ಸಿದ್ದಲಿಂಗೇಶ ಕಂಡದ್ದು ತಾಯಿಯನ್ನು. ಅಂಬಮ್ಮ ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ ಇಟ್ಟು, ಕಂಬಿ ಹಿಡಿದು ನಿಂತಿದ್ದಳು. ಊರ ಕಡೆಯ ಜವಳಗೇರಾದಲ್ಲಿ ನೆಂಟರು ಬರುವತನಕ ಬಸ್ಸು ನಿಲ್ಲಿಸಿಕೊಳ್ಳುವುದು ಹೀಗೆಯೇ. ಕಂಡಕ್ಟರ್ ಎಷ್ಟು ಸೀಟಿ ಊದಿದರೂ ನೆಲದ ಕಾಲು ಮೇಲೇಳುವುದಿಲ್ಲ. ಬಿಳಿ ಬಟ್ಟೆಯ ಇಬ್ಬರು ಅಧಿಕಾರಿಗಳು ಅವಳ ಮುಂದೆ ಬಗ್ಗಿ ಬಗ್ಗಿ ಕೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅನುಪಮಾ ಮಣಿಜಡೆ ಹಾಕಿಕೊಂಡು ಕೆಂಪಗಾಗಿ ನಿಂತಿದ್ದಳು.

“ತಡಿಯೋ ತಮ್ಮಾ, ಬರ್ತಾನ” ಎನ್ನುತ್ತಿದ್ದಳು ಅಂಬಮ್ಮ. “ನಮ್ಮ ಹುಡುಗ ಓಡಾಕತ್ಯಾನಂತ, ಕಾಣವಲ್ದೇನು? ಹತ್ತು ನಿಮಿಷಕ್ಕ ನಿಮ್ಮ ಸಮುದ್ರ ಏನು ಬತ್ತಿ ಹೊಕ್ಕೈತೇನು?”

“ಶಿ ಸೇಸ್ ಟೂ ಮಿನಿಟ್ಸ್” ಎಂದು ಅನುಪಮಾ ಇಂಗ್ಲಿಷಿಗೆ ತಿರುಗಿಸಿದಳು.

ಸಿದ್ದಲಿಂಗೇಶ ಬಂದು ಮೊಣಕಾಲಿಗೆ ಕೈಕೊಟ್ಟು ನಿಂತ. ಜೇಬೆಲ್ಲ ತಡಕಿದ. ಕಾರ್ಡು ಕೊರಳಲ್ಲೇ ಇದೆಯೆಂದು ಅಧಿಕಾರಿಯೇ ತೋರಿಸಬೇಕಾಯಿತು.

“ಎಲ್ಲಿಗೆ ಹೋಗಿದ್ದೆಪಾ?” ಎಂದಳು ತಾಯಿ.

“ಅಂಗಡಿಗೆ.”

“ಏನು ತಂದಿ?”

ಆಗಲೇ ಅವನಿಗೆ ತಿಳಿದದ್ದು, ಚಪ್ಪಲಿಯ ಜೊತೆ ಎಡಗೈಯಲ್ಲಿ ಮೆಣಸಿನ ಟೊಂಗೆಯೂ ಇದೆ ಎಂದು. ಹಡಗಿನಲ್ಲಿ ಗಿಡ ತರುವಂತಿಲ್ಲ ಎಂದು ಅಧಿಕಾರಿ ಕೈಚಾಚಿದ. “ಮೈಟ್ಸ್” ಎಂದ ಸಿದ್ದಲಿಂಗೇಶ, ಏದುಸಿರು ಬಿಡುತ್ತ. ಅಧಿಕಾರಿ ಟೊಂಗೆಯನ್ನು ಎರಡು ಬೆರಳಲ್ಲಿ ಹಿಡಿದು ಒಯ್ದ. ಅಂಬಮ್ಮ ನೆಲದ ಕಾಲು ಎತ್ತಿದಳು. ಮೇಲೆ ಚಪ್ಪಾಳೆ ಮತ್ತೊಮ್ಮೆ ಎದ್ದಿತು. ಅವಳು ಅದು ತನಗೇ ಎಂದು ತಿಳಿದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಕೈಮುಗಿದಳು. ಅವಳು ತಿಳಿದದ್ದೇನೂ ತಪ್ಪಲ್ಲ.

ರಾತ್ರಿ ಊಟದ ಹಾಲಿನಲ್ಲಿ ಕಂಡುಕೇಳರಿಯದ ಜನ ಬಂದು ಅಂಬಮ್ಮನ ಜೊತೆ ಫೋಟೊ ತೆಗೆಸಿಕೊಂಡರು. ಡೀಲರುಗಳ ಮೇಜಿನಲ್ಲಿ ಲಿಂಗಸುಗೂರಿನ ಗುರುಬಸವ ಚಪ್ಪಲಿ ಹಿಡಿದು ಓಡುವ ನಟನೆ ಮಾಡಿ ತೋರಿಸಿದ. ಸಿದ್ದಲಿಂಗೇಶ ತಲೆ ತಗ್ಗಿಸಿ ಅನ್ನ ಕಲಸಿದ. ಬೈಗುಳಕ್ಕೆ ಅವನು ತಯಾರಿದ್ದ. ಶಿವಕುಮಾರಿ ಬೈಯದೆ ಅವನ ತಟ್ಟೆಗೆ ಉಪ್ಪಿನಕಾಯಿ ಹಾಕಿದಳು.

“ಗಾಬರಿ ಆತೇನು?” ಎಂದು ಕೊನೆಗೆ ಅವನೇ ಕೇಳಿದ.

“ಮತ್ತ ಆಗಂಗಿಲ್ಲೇನು? ನಿಮ್ಮನ್ನ ಬಿಟ್ಟು ಹಡಗು ಹೊಂಟ್ರ ಇಳಿಯೋದೋ ಇರೋದೋ ಅಂತ ಮೂರೂ ಮಂದಿ ಜಗಳಾಡಿದ್ವಿ. ಅತ್ತಿಯವ್ರು ಇಳೀತೀನಿ ಅಂದ್ರು. ಅನು ಇಳೀತೀನಿ ಅಂದ್ಳು.”

“ನೀನು?”

“ನಾ ಇರ್ತೀನಿ ಅಂದೆ. ಊಟ ಪುಕ್ಕಟ ಐತಿ, ಹಾಸಿಗಿ ಮೆತ್ತಗ ಐತಿ.”

ಸಿದ್ದಲಿಂಗೇಶನ ಬಾಯಿಂದ ಅನ್ನ ಸಿಡಿಯುವ ಹಾಗೆ ನಗು ಬಂತು. ಅವಳೂ ನಕ್ಕಳು. ನಗು ನಿಂತ ಮೇಲೆ ಶಿವಕುಮಾರಿ, ಮುಂದಿನ ದ್ವೀಪದಲ್ಲಿ ಹಫೀಜನವರ ಬಸ್ಸಿಗೆ ನಾಲ್ಕೂ ಜನರ ಹೆಸರು ಬರೆಸಿಯಾಗಿದೆ, ಸುಮ್ಮನೆ ಬರಬೇಕು ಎಂದಳು. ಅವನು ಸುಮ್ಮನೆ ತಲೆಯಾಡಿಸಿದ.

ಒಂದು ದಿನ ಬಿಟ್ಟು, ಆ ದ್ವೀಪದಲ್ಲಿ ಬಸ್ಸು ಕಾಡಿನ ನಡುವಿನ ಹಳೆಯ ಕಲ್ಲುಗುಡಿಗಳ ಜಾಗಕ್ಕೆ ಹೋಯಿತು. ಬಂದರು ಎಲ್ಲೋ, ಹಡಗು ಎಲ್ಲೋ. ಇವು ಸಾವಿರ ವರ್ಷದ ಕಲ್ಲುಗಳು ಎಂದು ಗೈಡು ಹೇಳಿದ್ದೇ ತಡ, ಹಫೀಜ್ ಅವನನ್ನು ತಡೆದು, ತಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಇದಕ್ಕಿಂತ ಎಷ್ಟು ಹಳೆಯದು ಎಂದು ಹಿಂದಿ ಇಂಗ್ಲಿಷು ಕಲಸಿ ಹೇಳತೊಡಗಿದ. ಗೈಡು ಬಾಯಿ ತೆರೆದುಕೊಂಡು ಕೇಳಿದ. ಮುಸರತ್ ಹಣೆ ಚಚ್ಚಿಕೊಂಡಳು. ಅಂಬಮ್ಮ ಒಂದು ಕಲ್ಲಿನ ನೆರಳಿನಲ್ಲಿ ಕಾಲು ಚಾಚಿ ಕುಳಿತು ಸೊಸೆಗೆ, ಮೊಮ್ಮಗಳಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಸಿದ್ದಲಿಂಗೇಶ ಹೋಗಿ ಅವರ ಪಕ್ಕದಲ್ಲಿ ಕುಳಿತು ತನ್ನ ಪಾಲಿಗೆ ಕೈಯೊಡ್ಡಿದ.